ಮಡಚಿಟ್ಟ ಧ್ವನಿಯನ್ನು ಬಿಡಿಸುವ ಬಗೆ

ಧ್ವನಿಯೆಂಬುದು ಗಾಳಿಯ ಕಂಪನವೆಂಬುದನ್ನೂ ಆ ಕಂಪನವನ್ನು ಅಂಕಿಗಳಾಗಿ ಬರೆದಿಡಬಹುದೆಂಬುದನ್ನೂ ನಮ್ಮ ಹಿರಿಯ ತರಗತಿಗಳ ವಿದ್ಯಾರ್ಥಿಗಳು ಬಲ್ಲರು. ಸೆಕೆಂಡಿಗೆ ೪೪,೧೦೦ ಸಲ ಕಂಪನದ ಎತ್ತರವನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ −೩೨,೭೬೮ರಿಂದ ೩೨,೭೬೭ರವರೆಗಿನ ಒಂದು ಪೂರ್ಣಾಂಕವಾಗಿ ಎರಡು ಬೈಟುಗಳಲ್ಲಿ ಇಟ್ಟರೆ ಸಂಗೀತದ ಸಿ.ಡಿ.ಯಾಯಿತು. ಆದರೆ ಹಳೆಯ ವಿಡಿಯೋ ಆಟಗಳೊಳಗಿನ ಧ್ವನಿ ಇಷ್ಟು ಸರಳವಾಗಿ ಕೈಗೆ ಸಿಕ್ಕುವುದಿಲ್ಲ. ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ತನ್ನ ಸೋದರಮಾವನ ಪ್ಲೇಸ್ಟೇಷನ್ ಮುದ್ರಿಕೆಯಿಂದ ಒಂದು ಕಡತವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು ನುಡಿಸಿದಾಗ, ಕಾದ ಕಾವಲಿಯ ಮೇಲೆ ನೀರು ಬಿದ್ದಂತಹ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಮುದ್ರಿಕೆ ಕೆಟ್ಟಿದೆಯೆಂದು ಅವನು ಅದನ್ನು ಎಸೆಯಲು ಹೊರಟಿದ್ದನು. ಕೆಟ್ಟಿರಲಿಲ್ಲ. ಮೋಡಿ ಲಿಪಿಯನ್ನು ಕಲಿಯದವನಿಗೆ ಹಳೆಯ ಮರಾಠಿ ದಸ್ತಾವೇಜು ಬರಿಯ ಗೀಚಾಗಿ ಕಾಣುವಂತೆ, ಅವನ ಯಂತ್ರವು ಒಂದು ಬಗೆಯ ಬರಹವನ್ನು ಇನ್ನೊಂದು ಬಗೆಯದೆಂದು ಭಾವಿಸಿ ಓದಿತ್ತು, ಅಷ್ಟೆ. ಪ್ಲೇಸ್ಟೇಷನ್ನಿನ ತಯಾರಿಕೆ ೨೦೦೬ರಲ್ಲಿಯೇ ನಿಂತಿತು. ಉಳಿದ ಯಂತ್ರಗಳು ಒಂದೊಂದಾಗಿ ಕೆಡುತ್ತಿವೆ, ಮುದ್ರಿಕೆಗಳು ಗೀರುಬೀಳುತ್ತಿವೆ. ಇಂತಿರಲು ಓದುವ ಬಗೆಯನ್ನು ತಿಳಿಯದೆ ಎಸೆದ ಧ್ವನಿಯು ಮರಳಿ ದೊರೆಯುವಂತಹದಲ್ಲ.

ಧ್ವನಿಯನ್ನು ಮಡಚಿಡುವ ಪ್ರಮೇಯವೇಕೆ ಬಂದಿತು? ೧೯೯೪ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ಯಂತ್ರದಲ್ಲಿ ಧ್ವನಿಗೆಂದೇ ಮೀಸಲಾದ ಸ್ಮೃತಿಕೋಶವು ೫೧೨ ಕಿಲೋಬೈಟು, ಎಂದರೆ ೫,೨೪,೨೮೮ ಬೈಟು. ಹೆಜ್ಜೆಯ ಸಪ್ಪಳ, ಕತ್ತಿಯ ಖಣಖಣ, ವಾದ್ಯಗಳ ಸ್ವರ ಇವೆಲ್ಲ ಗುಂಡಿ ಒತ್ತಿದೊಡನೆಯೇ ಹೊರಡಬೇಕಾದುದರಿಂದ ಅವು ಅದರಲ್ಲಿ ಸಿದ್ಧವಾಗಿರಬೇಕು. ಸಿ.ಡಿ.ಯ ಕ್ರಮದಲ್ಲಿ ಒಂದೇ ವಾಹಿನಿಯ ಧ್ವನಿಗೆ ಸೆಕೆಂಡಿಗೆ ೮೮,೨೦೦ ಬೈಟು ಬೇಕು. ಭಾಗಿಸಿ ನೋಡಿದರೆ ಆರು ಸೆಕೆಂಡೂ ತುಂಬದು. ಆದುದರಿಂದ ೨೮ ಅಂಕಿಗಳನ್ನು, ೫೬ ಬೈಟು ಹಿಡಿಯಬೇಕಾದವನ್ನು, ೧೬ ಬೈಟುಗಳ ಒಂದೊಂದು ಕಂತೆಯಲ್ಲಿ ಅಡಕಗೊಳಿಸಿದರು. ಅದೇ ಕೋಶದಲ್ಲಿ ಈಗ ಸುಮಾರು ೨೦ ಸೆಕೆಂಡುಗಳ ಧ್ವನಿ ಹಿಡಿಯಿತು. ೧೯೯೦ರ ಸೂಪರ್ ಫ್ಯಾಮಿಕಾಮ್ ಯಂತ್ರದಲ್ಲಿಯೂ ೯ ಬೈಟುಗಳಲ್ಲಿ ೧೬ ಅಂಕಿಗಳನ್ನಿಡುವ ಇಂತಹದೇ ಕ್ರಮವಿತ್ತು. ಅದರ ಧ್ವನಿಚಿಪ್ಪನ್ನು ರಚಿಸಿದ ಕೆನ್ ಕುಟರಾಗಿಯವರೇ ಮುಂದೆ ಪ್ಲೇಸ್ಟೇಷನ್ನಿನ ನಿರ್ಮಾಣಕ್ಕೂ ಮುಂದಾಳಾದರು.

ಮಡಿಸುವ ಉಪಾಯವು ದಿನಸಿ ಅಂಗಡಿಯವನ ಉಪಾಯವೇ. ಅಕ್ಕಿಯ ಧಾರಣೆಯನ್ನು ದಿನದಿನವೂ ಪೂರ್ತಿ ಬರೆಯದೆ 'ನಿನ್ನೆಗಿಂತ ಎರಡು ಹೆಚ್ಚು', 'ನಿನ್ನೆಗಿಂತ ಒಂದು ಕಡಿಮೆ' ಎಂದು ಬರೆದರೆ ಸಣ್ಣ ಅಂಕಿಯೇ ಸಾಕಾಗುವುದಷ್ಟೆ. ಧ್ವನಿಯ ಅಳತೆಗಳೂ ನೆರೆಯ ಅಳತೆಗಳಿಂದ ಬಹಳ ದೂರ ಹಾರುವುದಿಲ್ಲ. ಹೀಗೆ ವ್ಯತ್ಯಾಸವನ್ನಷ್ಟೇ ಬರೆದು, ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅಳತೆಗೋಲಿನ ಮನೆಗಳನ್ನು ಹಿರಿದು ಕಿರಿದು ಮಾಡುವ ತತ್ತ್ವವನ್ನು ದೂರವಾಣಿಯ ಮಾತಿಗಾಗಿ ೧೯೭೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಕಮಿಸ್ಕಿ, ಜಯಂತ್, ಫ್ಲಾನಗನ್ ಎಂಬ ಮೂವರು ಪ್ರಕಟಿಸಿದರು. ಇವರಲ್ಲಿ ಎನ್. ಎಸ್. ಜಯಂತ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರೆಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ.

ಈಗ ಒಂದು ಕಂತೆಯನ್ನು ಬಿಚ್ಚೋಣ. ಅದರ ಮೊದಲ ಬೈಟು ೨೪ ಎಂದಿರಲಿ. ೧೬ರಿಂದ ಭಾಗಿಸಿದರೆ ಭಾಗಲಬ್ಧ ೧, ಶೇಷ ೮. ಶೇಷವು ಅಳತೆಗೋಲನ್ನು ತಿಳಿಸುತ್ತದೆ: ೪೦೯೬ನ್ನು ಎಂಟು ಸಲ ಅರ್ಧಮಾಡಿದರೆ ೧೬, ಈ ಕಂತೆಯಲ್ಲಿ ಒಂದು ಮನೆಯ ಬೆಲೆ ೧೬. ಭಾಗಲಬ್ಧವು ಊಹೆಯ ನಿಯಮವನ್ನು ತಿಳಿಸುತ್ತದೆ: ೧ನೆಯ ನಿಯಮದಂತೆ ಹಿಂದಿನ ಅಂಕಿಯ ೬೪ರಲ್ಲಿ ೬೦ ಪಾಲನ್ನು ತೆಗೆದುಕೊಳ್ಳಬೇಕು. ಎರಡನೆಯ ಬೈಟು ಧ್ವನಿ ಮುಗಿಯಿತೇ, ಮರಳಿ ಮೊದಲಿಗೆ ಹೋಗಬೇಕೇ ಎಂಬುದನ್ನು ಹೇಳುತ್ತದೆ. ಉಳಿದ ೧೪ ಬೈಟುಗಳಲ್ಲಿ ಒಂದೊಂದರಲ್ಲಿಯೂ ಎರಡೆರಡು ಅಂಕಿಗಳು. ಮೂರನೆಯ ಬೈಟು ೨೨೭ ಎಂದಿಟ್ಟುಕೊಳ್ಳೋಣ. ೧೬ರಿಂದ ಭಾಗಿಸಿದರೆ ಶೇಷ ೩, ಭಾಗಲಬ್ಧ ೧೪. ಮೊದಲು ಶೇಷ, ಆ ಮೇಲೆ ಭಾಗಲಬ್ಧ. ೭ಕ್ಕೆ ಮೀರಿದ ಅಂಕಿಯಿಂದ ೧೬ ಕಳೆಯಬೇಕಾದುದರಿಂದ ೧೪ ಎಂಬುದು −೨ ಆಯಿತು. ಹಿಂದಿನ ಅಂಕಿ ೧೦೨೪ ಆಗಿದ್ದರೆ ಅದರ ೬೪ರಲ್ಲಿ ೬೦ ಪಾಲು ೯೬೦. ಅದಕ್ಕೆ ೩ × ೧೬, ಎಂದರೆ ೪೮ ಕೂಡಿದರೆ ೧೦೦೮. ಈ ೧೦೦೮ರ ಅದೇ ಪಾಲು ೯೪೫. ಅದರಿಂದ ೩೨ ಕಳೆದರೆ ೯೧೩. ಹದಿನಾರರ ಮಗ್ಗಿ ಏಕೆ ಬೇಕೆಂದು ಕೇಳುವವರಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹಿಂದಿನ ಅಂಕಿಯನ್ನು ಪೂರ್ತಿಯಾಗಿ ತೆಗೆದುಕೊಳ್ಳದೆ ೬೪ರಲ್ಲಿ ೬೦ ಪಾಲನ್ನಷ್ಟೇ ಏಕೆ ತೆಗೆದುಕೊಳ್ಳಬೇಕೆಂದು ಜಾಣರು ಕೇಳಿಯಾರು. ಅಂಗಡಿಯವನ ಪುಸ್ತಕದಲ್ಲಿ ಒಂದು ದಿನದ ಬರಹ ಅಳಿಸಿಹೋದರೆ ಮುಂದಿನ ಧಾರಣೆಯೆಲ್ಲವೂ ತಪ್ಪಾಗಿಯೇ ಸಾಗುತ್ತದೆ. ಇಲ್ಲಿಯಾದರೋ ನುಸುಳಿದ ತಪ್ಪು ಹೆಜ್ಜೆಹೆಜ್ಜೆಗೂ ಹದಿನಾರನೆಯ ಒಂದು ಪಾಲು ಸವೆಯುತ್ತದೆ. ಹನ್ನೊಂದು ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಒಟ್ಟು ಐದು ನಿಯಮಗಳುಂಟು. ೦ಯಲ್ಲಿ ಊಹೆಯೇ ಇಲ್ಲ. ೨, ೩, ೪ರಲ್ಲಿ ಹಿಂದಿನ ಎರಡು ಅಂಕಿಗಳನ್ನು ನೋಡಬೇಕು. ನಿದರ್ಶನಕ್ಕೆ ೨ನೆಯದರಲ್ಲಿ ಹಿಂದಿನದರ ೧೧೫/೬೪ ರಿಂದ ಅದರ ಹಿಂದಿನದರ ೫೨/೬೪ನ್ನು ಕಳೆಯುವುದು. ಏರುತ್ತಿರುವ ಅಲೆ ಇನ್ನೂ ಏರೀತೆಂಬ ಊಹೆ ಇದರಲ್ಲಿ ಅಡಗಿದೆ. ಒಂದು ಕಂತೆ ಮುಗಿದಾಗ ಹಿಂದಿನ ಅಂಕಿಗಳನ್ನು ಸೊನ್ನೆಮಾಡಕೂಡದು. ಮಾಡಿದರೆ ಕಂತೆಕಂತೆಗೂ 'ಟಪ್' ಎಂಬ ಸದ್ದು ಕೇಳಿಬರುವುದು. ಇಷ್ಟೆಲ್ಲ ಮಾಡಿದರೂ ಧ್ವನಿಮುದ್ರಣದ ಕೋಣೆಯ ಮೂಲ ಅಂಕಿಗಳು ನಮಗೆ ದೊರೆಯವು. ಮಡಿಸುವಾಗ ಹೋದುದು ಹೋಯಿತು. ದೊರೆಯುವುದು ಅಂದು ಆಟವಾಡಿದವರ ಕಿವಿಗೆ ಬಿದ್ದ ಧ್ವನಿ. ನಾವು ಕಾಪಾಡಬೇಕಾದುದೂ ಅದನ್ನೇ.

ಇನ್ನು ನುಡಿಸುವ ವೇಗ. ಕೆಲವು ಕಡತಗಳ ಮೊದಲಲ್ಲಿ 'ವಿಎಜಿಪಿ' ಎಂಬ ನಾಲ್ಕು ಅಕ್ಷರಗಳ ಗುರುತೂ, ಒಟ್ಟು ೪೮ ಬೈಟುಗಳ ತಲೆಬರಹವೂ ಇರುತ್ತವೆ. ೧೬ ಬೈಟುಗಳನ್ನು ದಾಟಿದ ಮೇಲೆ ಬರುವ ನಾಲ್ಕು ಬೈಟುಗಳು ೦, ೦, ೮೬, ೩೪ ಎಂದಿದ್ದರೆ, ೮೬ × ೨೫೬ + ೩೪ = ೨೨,೦೫೦; ಸೆಕೆಂಡಿಗೆ ಅಷ್ಟು ಅಂಕಿಗಳೆಂದು ಅರ್ಥ. ತಲೆಬರಹವಿಲ್ಲದ ಕಡತಗಳೂ ಹೇರಳ. ಆಗ ಕಿವಿಯೇ ಗತಿ: ೧೧,೦೨೫, ೨೨,೦೫೦, ೪೪,೧೦೦ ಎಂದು ನುಡಿಸಿ ನೋಡಿ, ಮನುಷ್ಯನ ಮಾತು ಮನುಷ್ಯನದಾಗಿ ಕೇಳುವ ವೇಗವನ್ನು ಹಿಡಿಯಬೇಕು. ವೇಗ ಇಮ್ಮಡಿಯಾದರೆ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ. ಹಾಡು ಸಿಕ್ಕೀತೆಂದು ತೆರೆದ ಕಡತದಲ್ಲಿ ಒಂದೇ ತಂತಿಯ ಒಂದೇ ಮೀಟು ಇದ್ದರೆ ನಿರಾಶರಾಗಬೇಡಿ. ಎಷ್ಟೋ ಆಟಗಳಲ್ಲಿ ಹಾಡಿನ ಸ್ವರಲಿಪಿ ಬೇರೊಂದು ಕಡತದಲ್ಲಿರುತ್ತದೆ; ಯಂತ್ರವು ಆ ಮೀಟನ್ನೇ ಏರಿಳಿಸಿ ಹಾಡು ಕಟ್ಟುತ್ತದೆ.

ಈ ಕೆಲಸವನ್ನೆಲ್ಲ ಕ್ಷಣಾರ್ಧದಲ್ಲಿ ಮಾಡುವ ವಿಜಿಎಂಸ್ಟ್ರೀಮ್ ಎಂಬ ಉಚಿತ ತಂತ್ರಾಂಶವುಂಟು. ಆದರೂ ಒಂದು ಕಂತೆಯನ್ನಾದರೂ ಕಾಗದದ ಮೇಲೆ ಬಿಡಿಸಿದ ಬಳಿಕ ಅದನ್ನು ಬಳಸುವುದು ಲೇಸು. ಹಿಂದಿನ ಅಂಕಿ ೫೧೨, ಮೊದಲ ಬೈಟು ೨೪, ಮೂರನೆಯ ಬೈಟು ೮೨ ಎಂದಿಟ್ಟುಕೊಂಡು ಲೆಕ್ಕಮಾಡಿರಿ. ೫೧೨, ೫೬೦ ಎಂದು ಬರಬೇಕು.