ಯಾವ ಭಾಷೆಯಾದರೂ ಸರಿ, ಒಟ್ಟು ಎಷ್ಟು ಮಾತು?

ಕೋಲಾರ ಚಿನ್ನದ ಗಣಿ ಪ್ರದೇಶದ ಉರಿಗಾಂನ ಗಣಿ ಕಾರ್ಮಿಕರ ಲೈನ್‌ಗಳಲ್ಲಿ ಎರಡು ವರ್ಷದ ಮಗು ಇನ್ನೂ ಮಾತಾಡಿಲ್ಲವೆಂದರೆ ಕಾರಣಕ್ಕೆ ಬರವಿಲ್ಲ. ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಅಂಗನವಾಡಿಯಲ್ಲಿ ಕನ್ನಡ, ಟಿ.ವಿ.ಯಲ್ಲಿ ಹಿಂದಿ. "ಪಾಪ, ಕೂಸು ಯಾವುದನ್ನು ಅಂತ ಹಿಡಿಯುತ್ತೆ?" ಅಷ್ಟು ಸಾಲದಿದ್ದರೆ "ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು" ಎಂಬ ಅಜ್ಜಿಯ ಸಾಕ್ಷಿ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವುದೂ ಆಗುತ್ತದೆ. ತಮಿಳಿನಲ್ಲಿ ಅದಕ್ಕೆ 'ಪಿಳ್ಳೈ ವಳರ್ಪಾನ್', ಮಗು ಬೆಳೆಸುವ ಮದ್ದು, ಎಂದೇ ಹೆಸರು. ಇಷ್ಟರಲ್ಲಿ ಒಂದು ವರ್ಷ ಸರಿದುಹೋಗಿರುತ್ತದೆ.

ಆ ಒಂದು ವರ್ಷ ಬಲು ದುಬಾರಿ. ಹುಟ್ಟಿದಾಗ 350ರಿಂದ 400 ಗ್ರಾಂ ತೂಗುವ ಮಿದುಳು, ಎರಡು ವರ್ಷ ತುಂಬುವಷ್ಟರಲ್ಲಿ ದೊಡ್ಡವರ ಮಿದುಳಿನ ಮುಕ್ಕಾಲು ಪಾಲಿನಷ್ಟು ಬೆಳೆದಿರುತ್ತದೆ. ನರಕೋಶಗಳ ನಡುವಿನ ಕೊಂಡಿಗಳು ಬಳಸಿದಷ್ಟೂ ಗಟ್ಟಿಯಾಗುತ್ತವೆ, ಬಳಸದವು ಉದುರಿಹೋಗುತ್ತವೆ. ತರಬೇತಿಗೆ ಹೆಚ್ಚು ಫಲ ಸಿಗುವುದೂ ಈ ವಯಸ್ಸಿನಲ್ಲೇ.

ಹಲವು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತಿನ ದೋಷ ಬರುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಇಳಿದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಮೂರು ನುಡಿಗಳಲ್ಲಿ ಜಗಳವಾಡಿಕೊಂಡೇ ಬೆಳೆದವರು. 2001ರಲ್ಲಿ ಗಣಿ ಮುಚ್ಚಿತು, ಆ ರೂಢಿ ಮುಚ್ಚಲಿಲ್ಲ.

ಮೊದಲು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಮಗು ಅರ್ಥವರಿತು ಆಡುವ ಮಾತುಗಳನ್ನೆಲ್ಲ ಬರೆಯಿರಿ. ನೀರಿಗೆ 'ತಣ್ಣಿ', ಕರೆಯಲು 'ಬಾ', ಅತ್ತೆಗೆ 'ಅತ್ತ', ಎಲ್ಲವೂ ಲೆಕ್ಕಕ್ಕೆ. ಕನ್ನಡದವು ಎಷ್ಟು, ತಮಿಳಿನವು ಎಷ್ಟು ಎಂದು ಬೇರ್ಪಡಿಸುವುದೇ ತಪ್ಪು. ಒಟ್ಟು ಎಷ್ಟು ಎಂಬುದೇ ಪ್ರಶ್ನೆ. 'ಪಾಲ್ ಬೇಕು' ಎಂದರೆ ಅರ್ಧ ತಮಿಳು, ಅರ್ಧ ಕನ್ನಡ. ಆದರೂ ಅದು ಎರಡು ಪದ ಜೋಡಿಸಿದ ಪೂರ್ತಿ ಮಾತು.

ಸ್ಥೂಲವಾಗಿ ಹೀಗೆ ನೋಡಿ: ಎರಡು ತಿಂಗಳ ಹೊತ್ತಿಗೆ ಮುಖ ನೋಡಿ ನಗು, ನಾಲ್ಕಕ್ಕೆ ಕತ್ತು ನಿಲ್ಲುವುದು, ಒಂಬತ್ತಕ್ಕೆ ಆಸರೆಯಿಲ್ಲದೆ ಕೂರುವುದು, ವರ್ಷಕ್ಕೆ ಹೆಸರು ಕರೆದರೆ ತಿರುಗುವುದು ಮತ್ತು ಬೇಕಾದ್ದಕ್ಕೆ ಬೆರಳು ತೋರಿಸುವುದು, ಒಂದೂವರೆ ವರ್ಷಕ್ಕೆ ನಡಿಗೆ ಮತ್ತು ಕೆಲವು ಪದಗಳು, ಎರಡಕ್ಕೆ ಜೋಡಿ ಪದ. ಒಂದೆರಡು ವಾರ ಹಿಂದೆಮುಂದಾದರೆ ಗಾಬರಿ ಬೇಡ. ಬಂದಿದ್ದ ಮಾತು ನಿಂತುಹೋದರೆ ಮಾತ್ರ, ವಯಸ್ಸು ಎಷ್ಟೇ ಇರಲಿ, ಅದೇ ವಾರ ವೈದ್ಯರ ಹತ್ತಿರ ಹೋಗಬೇಕು.

ಮಾತಿಗಿಂತ ಬೆರಳು ಮುಖ್ಯ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಮಾತು ಬಾರದಿದ್ದರೂ ರೈಲು ಕಂಡು ಬೆರಳು ತೋರಿಸಿ ಅಮ್ಮನ ಮುಖ ನೋಡುವ ಮಗು ಸಂವಾದ ಮಾಡುತ್ತಿದೆ. ಬೆರಳೂ ಇಲ್ಲ, ನೋಟವೂ ಇಲ್ಲ, ಬೇಕಾದ್ದಕ್ಕೆ ದೊಡ್ಡವರ ಕೈ ಹಿಡಿದು ಎಳೆಯುವುದಷ್ಟೇ ಇದೆ ಎಂದಾದರೆ ಆಟಿಸಂಗಾಗಿ ಪರೀಕ್ಷೆ ಮಾಡಿಸಿ.

ಕಿವಿ, ಆಮೇಲೆ ಉಳಿದದ್ದು

ಬಾಗಿಲು ಬಡಿದರೆ ತಿರುಗುತ್ತದೆ ಎಂದು ಕಿವಿ ಸರಿಯಿದೆ ಎಂದುಕೊಳ್ಳಬೇಡಿ. ಜೋರು ಸದ್ದು ಕೇಳಿಯೂ ಮಾತಿನ ಸೂಕ್ಷ್ಮ ಕೇಳದಿರಬಹುದು. ಬೆರಾ ಎಂಬ ಪರೀಕ್ಷೆಯನ್ನು ಮಲಗಿದ ಕೂಸಿಗೂ ಮಾಡಬಹುದು.

ತಪಾಸಣೆಗೆ ಹೋಗುವ ಮುನ್ನ ಮೊಬೈಲ್‌ನಲ್ಲಿ ಎರಡೆರಡು ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳಿ: ಊಟದ ಹೊತ್ತು, ಆಟದ ಹೊತ್ತು, ಹಟದ ಹೊತ್ತು. ಆಸ್ಪತ್ರೆಯಲ್ಲಿ ಮಗು ಬೆದರಿ ಕೂತರೆ ಇದೇ ಆಧಾರ. ತಾಯಿ ಕಾರ್ಡ್ ಮರೆಯಬೇಡಿ. ಹುಟ್ಟಿದ ತಕ್ಷಣ ಅತ್ತಿತೇ, ತೂಕ ಎಷ್ಟಿತ್ತು, ಕಾಮಾಲೆಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದರೇ ಎಂದು ಕೇಳುತ್ತಾರೆ. ಸೋದರಮಾವನನ್ನು ಮದುವೆಯಾಗಿದ್ದೀರಾ ಎಂದೂ ಕೇಳುತ್ತಾರೆ. ಅದು ಕೊಂಕಲ್ಲ, ರಕ್ತಸಂಬಂಧದಲ್ಲಿ ಕೆಲವು ಆನುವಂಶಿಕ ತೊಂದರೆಗಳ ಸಾಧ್ಯತೆ ಹೆಚ್ಚು.

ಎಲ್ಲಿಗೆ?

ಮೊದಲ ಬಾಗಿಲು ಅಂಗನವಾಡಿಯೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಸರ್ಕಾರಿ ಶಾಲೆಗೆ ಬರಬೇಕು. ಬರುವ ದಿನ ಕೇಳಿಕೊಂಡು ನಿಮ್ಮ ಹಾಳೆ ತೋರಿಸಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಚೀಟಿ ಬರೆಸಿಕೊಂಡು ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಇನ್ನೂ ಆಳವಾದ ತಪಾಸಣೆ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಬಂಗಾರಪೇಟೆ ಮೇಲೆ ಹೋಗುವ ಬೆಳಗಿನ ರೈಲಿನಲ್ಲಿ ಕೂಲಿ, ಕಚೇರಿ ಕೆಲಸಕ್ಕೆ ಹೋಗುವವರ ನೂಕುನುಗ್ಗಲು. ಸದ್ದಿಗೆ ಕೆರಳುವ ಮಗುವಿದ್ದರೆ ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತಿ ಮೂಲೆಯ ಸೀಟು ಹಿಡಿಯುವುದು ಜಾಣತನ.

ಮಾತನಾಡುವವರು ಬೇಕೆನಿಸಿದರೆ ಟೆಲಿ ಮಾನಸ್, 14416. ಕನ್ನಡವೂ ಸಿಗುತ್ತದೆ, ತಮಿಳೂ ಸಿಗುತ್ತದೆ, ದುಡ್ಡಿಲ್ಲ.

ಫಿಟ್ಸ್ ಬಂದರೆ ಮಾತು ಬೇರೆ. ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬಿಗಿ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬಾಲಗ್ರಹವೆಂದು ತಾಯಿತ ಕಟ್ಟಿಸಿದರೆ ಕಟ್ಟಿಸಿ, ವೈದ್ಯರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಶಾಲೆ ಸೇರಿದ ಮೇಲೆ

ಮನೆಯಲ್ಲಿ ತಮಿಳಾಡುವ ಮೂರನೇ ಕ್ಲಾಸಿನ ಹುಡುಗಿ ಕನ್ನಡ ಪಾಠದಲ್ಲಿ ಮಾತ್ರ ತಡವರಿಸಿದರೆ ಅದು ರೂಢಿಯ ಕೊರತೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರ ಕೂಡಿಸಲಾಗದೆ, ಬಾಯಿಮಾತಿನಲ್ಲಿ ಮಾತ್ರ ಚುರುಕಾಗಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇಕು. ಸೋಮಾರಿ ಎನ್ನುವ ಮಾತನ್ನು ಮೇಷ್ಟರೂ ಅಪ್ಪನೂ ಅಲ್ಲಿಯವರೆಗೆ ತಡೆದಿಟ್ಟುಕೊಳ್ಳಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಕಲಿಕಾ ನ್ಯೂನತೆ ಮೂರೂ ಇವೆ. ನ್ಯೂನತೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಇರುವವರಿಗೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆ 1 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಮಗುವಿಗೆ ಹಣೆಪಟ್ಟಿ ಅಂಟುತ್ತದೆ ಎಂದು ಕಾರ್ಡ್ ಬೇಡವೆನ್ನುವವರಿದ್ದಾರೆ. ಅವರ ಅಳುಕು ಸುಳ್ಳಲ್ಲ, ಆದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳುವಾಗ ಕೈಯಲ್ಲಿ ಕಾಗದ ಬೇಕಾಗುತ್ತದೆ.

ತಪಾಸಣೆಯ ದಿನ ದೂರವಿದ್ದರೆ ಮನೆಯಲ್ಲೇ ಶುರು ಮಾಡಬಹುದು. ಅಪ್ಪ ಅಮ್ಮ ಬೆಂಗಳೂರಿನ ಕೆಲಸಕ್ಕೆ ಹೋದರೆ ಹಗಲೆಲ್ಲ ಮಗು ಅಜ್ಜಿಯ ವಶ, ಅಜ್ಜಿಗೆ ಸುಸ್ತಾದರೆ ಮೊಬೈಲ್ ವಶ. ಎರಡು ವರ್ಷದೊಳಗೆ ಪರದೆಯೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಅಜ್ಜಿ ತನಗೆ ಬರುವ ಭಾಷೆಯಲ್ಲೇ ಮಾತಾಡಲಿ, ಮಗುವಿಗಾಗಿ ಅರೆಬರೆ ಇಂಗ್ಲಿಷ್ ಕಲಿಯುವುದು ಬೇಡ. ಅವರೆಕಾಯಿ ಸುಲಿಯುವಾಗ ಒಂದು ಕಾಯಿ ಎತ್ತಿ ಹಿಡಿದು, ತಕ್ಷಣ ಕೊಡದೆ, ಹತ್ತು ಎಣಿಸುವವರೆಗೆ ಕಾಯಲಿ. ಮಗು ಮುಖ ನೋಡಿದರೆ, ಕೈ ಚಾಚಿದರೆ, 'ಆ' ಎಂದರೆ ಸಾಕು, ಕಾಯಿ ಅದರ ಕೈಗೆ. ಮರುದಿನ ಹಾಳೆಯಲ್ಲಿ ಅದನ್ನೂ ಬರೆಯಿರಿ.