ಗೋಣಿಗೆ ಜರ್ಮನಿಯ ಹೆಸರು!

ಮಕ್ಕಳೇ, ಸಾಲೋಟಗಿಯ ಹೊಲಗಳಲ್ಲಿ ತೊಗರಿ ರಾಶಿಯಾದ ಮೇಲೆ ಕಾಳು ತುಂಬುವ ಗೋಣಿಚೀಲವನ್ನು ನೋಡಿದ್ದೀರಲ್ಲವೆ? ನಮ್ಮ ನಾಡಿನ ‘ಗೋಣಿ’ಯೇ ಇಂಗ್ಲಿಷಿಗೆ ಹೋಗಿ ‘ಗನ್ನಿ’ ಆಯಿತು. ಆದರೆ ಸೆಣಬಿನ ತೆಳು ಗೋಣಿಬಟ್ಟೆಗೆ ವ್ಯಾಪಾರಿಗಳು ‘ಹೆಸ್ಸಿಯನ್’ ಎನ್ನುತ್ತಾರೆ. ಈ ಹೆಸರು ಜರ್ಮನಿಯ ಹೆಸ್ಸೆ ಪ್ರಾಂತ್ಯದಿಂದ ಬಂದದ್ದು.

ಹೆಸ್ಸಿಯನ್ ಎಂದರೆ ಹೆಸ್ಸೆಯವನು. 1776ರಲ್ಲಿ ಬ್ರಿಟನ್ ಅಲ್ಲಿನ ಅರಸರಿಗೆ ಹಣ ಕೊಟ್ಟು, ಅವರ ಸೈನಿಕರನ್ನು ಅಮೆರಿಕದ ಯುದ್ಧಕ್ಕೆ ಕರೆದೊಯ್ದಿತು. ಮುಂದೆ ಅಮೆರಿಕದ ಗೋಧಿಗೆ ಪಿಡುಗು ತಗುಲಿತು. ಎಲೆಯ ಬುಡದಲ್ಲಿ ಅಡಗಿದ ಮರಿಹುಳು ರಸ ಹೀರುತ್ತಿತ್ತು. ದಂಟು ಬಾಗಿ ಬೀಳುತ್ತಿತ್ತು. ಅದರ ಕೋಶ ನೋಡಲು ಥೇಟ್ ಅಗಸಿ ಬೀಜ! ಸೈನಿಕರು ತಂದ ಹುಲ್ಲಿನಲ್ಲೇ ಇದು ಬಂತೆಂದು ರೈತರು ನಂಬಿ ‘ಹೆಸ್ಸಿಯನ್ ನೊಣ’ ಎಂದು ಕರೆದರು. ಇದು ನಿಜವೇ ಎಂದು ವಿಜ್ಞಾನಿಗಳು ಬಹುಕಾಲ ವಾದಿಸಿದರು. ಪಾಪ, ಸೈನಿಕರ ಮೇಲಿನ ದೂರು ಮಾತ್ರ ಹೆಸರಿನಲ್ಲೇ ಉಳಿದುಬಿಟ್ಟಿತು.

1984ರಲ್ಲಿ ಹೆಸ್ಸೆಯ ಡಾರ್ಮ್‌ಸ್ಟಾಟ್ ನಗರದಲ್ಲಿ ತಯಾರಾದ 108ನೆಯ ಧಾತು ‘ಹ್ಯಾಸಿಯಮ್’ ಕೂಡ ಇದೇ ನಾಡಿನ ಹೆಸರು ಹೊತ್ತಿದೆ.

ಮಾಡಿ ನೋಡಿ: ಹಳೆಯ ಗೋಣಿಯ ತುಂಡನ್ನು ಭೂತಗನ್ನಡಿಯಲ್ಲಿ ನೋಡಿ. ಅಡ್ಡ ಎಳೆಯು ಒಂದು ಉದ್ದ ಎಳೆಯ ಮೇಲೆ, ಮುಂದಿನದರ ಕೆಳಗೆ ಹಾಯ್ದಿದ್ದರೆ ಅದು ಹೆಸ್ಸಿಯನ್ ನೇಯ್ಗೆ. ಎರಡೆರಡು ಎಳೆ ದಾಟಿದ್ದರೆ ಅದು ಭಾರ ಹೊರುವ ದಪ್ಪ ಗೋಣಿ. ನಿಮಗೆ ಸಿಕ್ಕಿದ್ದು ಯಾವುದು?