ಹೃದಯದಲ್ಲೇಳುವ ಸುಳಿ

1888ರಲ್ಲಿ ಹೈದರಾಬಾದಿನಲ್ಲಿ ಒಂದು ವಿಚಿತ್ರವಾದ ವಿಚಾರಣೆ ನಡೆಯಿತು. ಆರೋಪಿ ಕ್ಲೋರೋಫಾರ್ಮು. ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ಮೂಸಿದವರಲ್ಲಿ ಕೆಲವರು ಮೇಜಿನ ಮೇಲೆಯೇ ಹಠಾತ್ತನೆ ಅಸುನೀಗುತ್ತಿದ್ದರು. 1848ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ ಹದಿನೈದರ ಬಾಲಕಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಹೀಗೆ ಮಡಿದಂದಿನಿಂದ ವೈದ್ಯರಲ್ಲಿ ಎರಡು ಪಕ್ಷಗಳಾಗಿದ್ದವು. ಮೊದಲು ನಿಲ್ಲುವುದು ಹೃದಯವೆಂದು ಒಂದು ಪಕ್ಷ, ಉಸಿರೆಂದು ಇನ್ನೊಂದು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಉಸಿರಿನ ಪಕ್ಷದವನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕೊಟ್ಟ ಹಣದಿಂದ ಅವನು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುವುದೆಂದು ಸಾರಿದನು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪದಿದ್ದಾಗ, 1889ರಲ್ಲಿ ನಿಜಾಮನ ಖರ್ಚಿನಲ್ಲಿಯೇ ಲಾಡರ್ ಬ್ರಂಟನ್ ಎಂಬ ತಜ್ಞನನ್ನು ಕರೆಸಿ ಎರಡನೆಯ ಆಯೋಗ ಕೂಡಿತು. ನೂರಾರು ಪ್ರಾಣಿಗಳ ಬಲಿಯ ಬಳಿಕ ತೀರ್ಪು ಅದೇ ಆಯಿತು: ಉಸಿರನ್ನು ಗಮನಿಸಿರಿ, ನಾಡಿಯ ಗೊಡವೆ ಬೇಡ.

ಪ್ರಯೋಗಗಳು ಸುಳ್ಳಾಗಿರಲಿಲ್ಲ. ಕ್ಲೋರೋಫಾರ್ಮು ಅತಿಯಾದಾಗ ಉಸಿರು ಮೊದಲು ನಿಲ್ಲುವುದು ದಿಟವೇ. ಆದರೆ ಮೇಜಿನ ಮೇಲೆ ಹಠಾತ್ತನೆ ಸತ್ತವರಲ್ಲಿ ಹಲವರಿಗೆ ಮದ್ದು ಅತಿಯಾಗಿರಲಿಲ್ಲ. ಅರೆಮಂಪರಿನಲ್ಲಿ, ಅಂಜಿಕೆ ಇನ್ನೂ ಇಳಿಯದಿದ್ದಾಗಲೇ ಅವರು ಹೋಗಿದ್ದರು. ಆಯೋಗವು ಸರಿಯಾದ ಉತ್ತರವನ್ನು ಬೇರೊಂದು ಪ್ರಶ್ನೆಗೆ ಕೊಟ್ಟಿತೆನ್ನಬೇಕು. 1911ರಲ್ಲಿ ಗುಡ್‌ಮನ್ ಲೆವಿ ಎಂಬವನು ಬೆಕ್ಕುಗಳಲ್ಲಿ ನಿಜವಾದ ಕಾರಣವನ್ನು ತೋರಿಸಿದನು. ಹಗುರವಾದ ಕ್ಲೋರೋಫಾರ್ಮಿಗೆ, ಭಯದಲ್ಲಿ ದೇಹದೊಳಗೆ ಸ್ರವಿಸುವ ಅಡ್ರಿನಲಿನ್ ಕೂಡಿದಾಗ ಹೃದಯದ ಕೆಳಗೋಣೆಗಳಾದ ಹೃತ್ಕುಕ್ಷಿಗಳು ಬಡಿಯುವುದನ್ನು ಬಿಟ್ಟು ಅಸ್ತವ್ಯಸ್ತವಾಗಿ ಕಂಪಿಸುತ್ತವೆ. ಇದೇ ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ಹಠಾತ್ ಮರಣಕ್ಕೆ ಈ ಕಂಪನವು ಕಾರಣವಾಗಬಲ್ಲುದೆಂದು ಸ್ಕಾಟ್ಲೆಂಡಿನ ಜಾನ್ ಮ್ಯಾಕ್‌ವಿಲಿಯಂ ಬರೆದದ್ದು 1889ರಲ್ಲಿ, ಹೈದರಾಬಾದಿನ ಎರಡನೆಯ ಆಯೋಗ ಕೂಡಿದ ವರ್ಷದಲ್ಲಿಯೇ!

ಕ್ಲೋರೋಫಾರ್ಮಿನ ಕಾಲ ಮುಗಿಯಿತು. ಕಂಪನದ ಒಗಟು ಮಾತ್ರ ಉಳಿಯಿತು. ಇಂದು ಅದು ವೈದ್ಯರದಷ್ಟೇ ಅಲ್ಲದೆ ಭೌತವಿಜ್ಞಾನಿಗಳ ಸಮಸ್ಯೆಯೂ ಆಗಿದೆ. ಅದು ಹೇಗೆಂಬುದನ್ನು ತಿಳಿಯಲು ಹೃದಯದ ಬಡಿತವನ್ನು ಒಂದು ಅಲೆಯಾಗಿ ನೋಡಬೇಕು.

ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹೃದಯದ ಮೇಲ್ಭಾಗದಲ್ಲಿ ಒಂದು ವಿದ್ಯುತ್ತರಂಗ ಹುಟ್ಟಿ ಮಾಂಸಖಂಡದ ತುಂಬ ಹರಡುತ್ತದೆ. ಅದು ಹಾದಲ್ಲೆಲ್ಲ ಸ್ನಾಯು ಸಂಕುಚಿಸುತ್ತದೆ. ಇದು ಕೆರೆಯ ನೀರಿನ ಅಲೆಯಂತಲ್ಲ, ಒಣಹುಲ್ಲಿಗೆ ಹತ್ತಿದ ಬೆಂಕಿಯಂತೆ. ಸುಟ್ಟ ನೆಲದಲ್ಲಿ ಹುಲ್ಲು ಮತ್ತೆ ಬೆಳೆಯುವವರೆಗೆ ಬೆಂಕಿ ಹತ್ತದು. ಹಾಗೆಯೇ ಒಮ್ಮೆ ಪ್ರಚೋದನೆಗೊಂಡ ಹೃದಯದ ಕಣವು ಸೆಕೆಂಡಿನ ಸುಮಾರು ಮೂರನೆಯ ಒಂದು ಭಾಗದವರೆಗೆ ಮತ್ತೊಂದು ಪ್ರಚೋದನೆಗೆ ಓಗೊಡದು. ಎದುರುಬದುರಾಗಿ ಬಂದ ಎರಡು ಅಲೆಗಳು ನೀರಿನಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ. ಇಲ್ಲಿ ಎರಡೂ ಆರಿಹೋಗುತ್ತವೆ.

ಈ ಅಲೆಯ ದಾರಿಯಲ್ಲಿ ಹಿಂದಿನ ಹೃದಯಾಘಾತದ ಕಲೆಯೋ ಇನ್ನೂ ಚೇತರಿಸಿಕೊಳ್ಳದ ಭಾಗವೋ ಅಡ್ಡ ಬಂದರೆ ಅದು ತುಂಡಾಗಬಹುದು. ತುಂಡಾದ ತುದಿಯು ತನ್ನ ಸುತ್ತಲೇ ಮಡಿಚಿಕೊಂಡು ಸುಳಿಯಾಗಿ ತಿರುಗತೊಡಗುತ್ತದೆ. ಸುಳಿಯು ಹೃದಯದ ಸಹಜ ತಾಳಕ್ಕಿಂತ ವೇಗವಾಗಿ ತಿರುಗುವುದರಿಂದ ಆಳ್ವಿಕೆ ಅದರದ್ದೇ ಆಗುತ್ತದೆ. ಒಂದು ಸುಳಿ ಒಡೆದು ಹಲವಾದಾಗ ಹೃದಯ ಕಂಪಿಸುತ್ತದೆ, ರಕ್ತ ಮುಂದಕ್ಕೆ ಹೋಗದು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ರಂಗಾಪುರದ ವೀಕ್ಷಣಾಲಯವನ್ನು ಬಲ್ಲವರಿಗೆ ಇಲ್ಲಿ ಸುರುಳಿ ಗೆಲಾಕ್ಸಿಗಳ ನೆನಪಾದೀತು. ರೂಪ ಒಂದೇ, ಕಾರಣ ಬೇರೆ: ಆಕಾಶದ ಸುರುಳಿಯನ್ನು ಕಟ್ಟುವುದು ಗುರುತ್ವ, ಹೃದಯದ ಸುಳಿಯನ್ನು ಕಟ್ಟುವುದು ಕಣಪೊರೆಗಳಲ್ಲಿ ಒಳಹೊರಗೆ ಓಡಾಡುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು.

ಬದುಕಿರುವ ಮನುಷ್ಯನ ಹೃದಯದಲ್ಲಿ ಇದನ್ನೆಲ್ಲ ಬೇಕೆಂದಾಗ ಉಂಟುಮಾಡಿ ನೋಡಲಾಗದು. ಆದುದರಿಂದ ಗಣಕಯಂತ್ರದೊಳಗೆ ಹೃದಯವನ್ನು ಕಟ್ಟುವ ಪ್ರಯತ್ನ ನಡೆದಿದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ನರತಂತುವಿಗೆ ಬರೆದ ಸಮೀಕರಣಗಳನ್ನು ಡೆನಿಸ್ ನೋಬಲ್ 1960ರ ದಶಕದ ಆರಂಭದಲ್ಲಿ ಹೃದಯಕ್ಕೆ ಹೊಂದಿಸಿದನು. ಅಂದಿನದು ಒಂದೇ ಕಣದ ಲೆಕ್ಕ. ಈಗ ಹತ್ತು ಸೆಂಟಿಮೀಟರ್ ಉದ್ದಗಲದ ತೆಳು ಹಾಳೆಯೊಂದನ್ನು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಅಂತರದ ಬಿಂದುಗಳಾಗಿ ವಿಂಗಡಿಸಿದರೆ ಎರಡೂವರೆ ಲಕ್ಷ ಬಿಂದುಗಳಾಗುತ್ತವೆ. ಒಂದು ಸೆಕೆಂಡಿನ ಚಲನೆಯನ್ನು 50,000 ಹೆಜ್ಜೆಗಳಲ್ಲಿ ಲೆಕ್ಕ ಹಾಕಿದರೆ, ಬಿಂದುವಿನ ಸಮೀಕರಣಗಳನ್ನು 1,250 ಕೋಟಿ ಸಲ ಬಿಡಿಸಿದಂತಾಯಿತು. ಇದು ಬರಿಯ ಹಾಳೆ. ನಿಜವಾದ ಹೃದಯಕ್ಕೆ ದಪ್ಪವುಂಟು, ಪದರದಿಂದ ಪದರಕ್ಕೆ ದಿಕ್ಕು ಬದಲಿಸುವ ನಾರುಗಳುಂಟು.

ಈ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ. ದ್ರವಗಳ ಪ್ರಕ್ಷುಬ್ಧ ಹರಿವನ್ನು ಅಭ್ಯಸಿಸುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಅವರು ಸೀತಾಭ್ರ ಸಿನ್ಹಾ ಮತ್ತು ಆಶ್ವಿನ್ ಪಾಂಡೆ ಅವರೊಡನೆ 2001ರಲ್ಲಿ ಒಂದು ಸೊಗಸಾದ ಉಪಾಯವನ್ನು ಮುಂದಿಟ್ಟರು. ಕಂಪಿಸುವ ಹೃದಯವನ್ನು ಚಿಕ್ಕ ಚಿಕ್ಕ ತುಂಡುಗಳಾಗಿಸಿದರೆ ಕಂಪನ ನಿಲ್ಲುವುದೆಂದು ಗ್ಯಾರಿ ಎಂಬವನು 1914ರಲ್ಲಿಯೇ ಕಂಡಿದ್ದನು. ಸುಳಿ ತಿರುಗಲು ಜಾಗ ಬೇಕು. ಹೃದಯವನ್ನು ಕತ್ತರಿಸುವಂತಿಲ್ಲ. ಆದರೆ ಬಲೆಯಂತೆ ಹರಡಿದ ವಿದ್ಯುದ್ವಾರಗಳ ಮೂಲಕ ಅಲ್ಪ ಪ್ರವಾಹವನ್ನು ಹರಿಸಿ, ಗದ್ದೆಗೆ ಬದು ಹಾಕಿದಂತೆ ಅದನ್ನು ಕ್ಷಣಕಾಲ ಚಿಕ್ಕ ಮಡಿಗಳಾಗಿ ವಿಭಾಗಿಸಬಹುದಲ್ಲವೆ? ಗಣಕದ ಹೃದಯದಲ್ಲಿ ಇದರಿಂದ ಸುಳಿಗಳು ಅಳಿದವು. ಎದೆಯ ಮೇಲಿನಿಂದ ಕೊಡುವ ಆಘಾತಕ್ಕೆ ನೂರಕ್ಕೂ ಹೆಚ್ಚು ಜೂಲ್ ಶಕ್ತಿ ಬೇಕಾಗುತ್ತದೆ. ಅದನ್ನು ಪ್ರಜ್ಞೆಯಿರುವಾಗ ಅನುಭವಿಸಿದವರಿಗೆ ಆ ನೋವು ಗೊತ್ತು. ಅಲ್ಪಶಕ್ತಿಯಿಂದ ಅದೇ ಕೆಲಸವನ್ನು ಮನುಷ್ಯನ ಹೃದಯದಲ್ಲಿ ಮಾಡಿಸುವುದು ಈ ಕ್ಷೇತ್ರದ ದೊಡ್ಡ ಪ್ರಶ್ನೆಗಳಲ್ಲೊಂದು.

ಟಿ. ಕೆ. ಷಾಜಹಾನ್, ಸಿನ್ಹಾ ಮತ್ತು ಪಂಡಿತ್ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಚಿಂತನೀಯವಾದುದು. ಗಣಕದ ಹೃದಯದಲ್ಲಿ ನಿಶ್ಚೇಷ್ಟಿತವಾದ ಒಂದು ಚೌಕವನ್ನಿಟ್ಟರೆ ಸುಳಿಯು ಕೆಲವೊಮ್ಮೆ ಒಡೆದು ಕಂಪನವಾಗುತ್ತದೆ, ಕೆಲವೊಮ್ಮೆ ಚೌಕಕ್ಕೆ ಅಂಟಿಕೊಂಡು ಒಂದೇ ಆಗಿ ತಿರುಗುತ್ತದೆ, ಕೆಲವೊಮ್ಮೆ ಅಳಿದೇ ಹೋಗುತ್ತದೆ. ಚೌಕವನ್ನು ಕೊಂಚ ಸರಿಸಿದರೂ ಫಲ ಬದಲಾಗಬಹುದು. ಒಂದೇ ಬಗೆಯ ಕಲೆಯುಳ್ಳ ಇಬ್ಬರಲ್ಲಿ ಒಬ್ಬರಿಗೆ ಅಪಾಯವಾಗಿ ಮತ್ತೊಬ್ಬರು ಪಾರಾಗುವುದೇಕೆಂಬುದಕ್ಕೆ ಇಲ್ಲೊಂದು ಸುಳಿವಿದೆ. ಪ್ರತಿಯೊಬ್ಬ ರೋಗಿಯ ಹೃದಯಕ್ಕೂ ಪ್ರತ್ಯೇಕವಾದ ಪ್ರತಿರೂಪವನ್ನು ಕಟ್ಟಲು ವಿಜ್ಞಾನಿಗಳು ಹೆಣಗುತ್ತಿರುವುದು ಇದಕ್ಕಾಗಿಯೇ.

ಇನ್ನು ಮನೆಯವರ ಮಾತು. ರಕ್ತನಾಳ ಕಟ್ಟಿ ಸ್ನಾಯುವಿಗೆ ರಕ್ತ ತಪ್ಪುವುದು ಹೃದಯಾಘಾತ. ಹೃದಯವು ರಕ್ತವನ್ನು ದೂಡುವುದೇ ನಿಲ್ಲುವುದು ಹೃದಯಸ್ತಂಭನ. ಮೊದಲನೆಯದು ಕಂಪನದ ಮೂಲಕ ಎರಡನೆಯದನ್ನು ತರಬಲ್ಲುದು. ಎಷ್ಟೋ ಮಂದಿ ಮೋಸಹೋಗುವುದು ಉಸಿರಿನಲ್ಲಿ. ಹೃದಯ ನಿಂತ ಮೇಲೂ ಕೆಲವರು ನಿಮಿಷಗಟ್ಟಲೆ ತಡೆತಡೆದು ಏದುಸಿರು ಬಿಡುತ್ತಾರೆ. ಉಸಿರಿದೆಯಲ್ಲ ಎಂದು ಸುತ್ತಲಿನವರು ಕಾದು ಕೂಡುತ್ತಾರೆ. ಕುಸಿದು ಬಿದ್ದವರು ಕರೆದರೆ ಓಗೊಡದೆ, ಸಹಜವಾಗಿ ಉಸಿರಾಡದಿದ್ದರೆ ಕಾಯಬಾರದು. 2005ರಲ್ಲಿ ಹೈದರಾಬಾದಿನಲ್ಲಿಯೇ ಆರಂಭವಾದ 108 ಸೇವೆಗೆ ಒಬ್ಬರು ಕರೆ ಮಾಡಬೇಕು. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ತಗ್ಗುವಂತೆ ಒತ್ತುತ್ತಿರಬೇಕು. ಇದರಿಂದ ಸುಳಿ ಆರದು; ಆದರೆ ಅದನ್ನು ಆರಿಸುವ ಯಂತ್ರ ಬರುವವರೆಗೆ ಮಿದುಳಿಗೆ ಕೊಂಚ ರಕ್ತ ತಲುಪುತ್ತಿರುತ್ತದೆ.